ರೇಣುವಿನ ಒಲೆ

"ಹದಿನಾರು ಮನಿ ಆದುವು. ಇಪ್ಪತ್ತಿಲ್ಲಂದ್ರ ಪೈಪು ಗುಡ್ಡ ಹತ್ತೂದಿಲ್ಲ ನೋಡ್ರಿ," ಎಂದು ಮಂಜುಳಾ ಬಂಡೆಯ ಮೇಲೆ ಕುಳಿತು ಚಪ್ಪಲಿಯೊಳಗಿನ ಹರಳು ಕೊಡವಿದಳು.

ನಳದ ಸಮೀಕ್ಷೆಗೆಂದು ನೇಸರಗಿಯಿಂದ ಎರಡು ಬಸ್ಸು ಬದಲಿಸಿ, ಆಮೇಲೆ ಬಸ್ಸಿನ ಹೆಸರೇ ಕೇಳದ ದಾರಿಯಲ್ಲಿ ಒಂದೂವರೆ ತಾಸು ಹತ್ತಿ ಬಂದ ಹುಡುಗಿ. ಅವಳ ಮೊಬೈಲಿನ ನಕಾಶೆಯಲ್ಲಿ ಮ್ಯಾಲಿನಟ್ಟಿ ಎಂಬ ಊರೇ ಇರಲಿಲ್ಲ. ಆ ಜಾಗಕ್ಕೆ ಬರೀ ಹಸಿರು ಬಣ್ಣ ಬಳಿದಿದ್ದರು. ಅದನ್ನು ನೋಡಿ ಊರಿನ ಮುದುಕ ಲಗಮಪ್ಪ ಕೆಮ್ಮು ಬರುವತನಕ ನಕ್ಕಿದ್ದ. ಸವದತ್ತಿ ಕಡೆಯ ಆ ಸಾಲುಗುಡ್ಡದ ನೆತ್ತಿಯಲ್ಲಿ ಕಲ್ಲು ಬಿಟ್ಟರೆ ಕಳ್ಳಿ, ಕಳ್ಳಿ ಬಿಟ್ಟರೆ ಕಲ್ಲು.

"ಬಾಗಿಲಾ ಎಣಿಸಿದ್ರ ಇಪ್ಪತ್ತ ಅದಾವಲ್ರಿ ಬಾಯಾರ," ಎಂದ ಲಗಮಪ್ಪ.

"ಬಾಗಿಲಕ್ಕ ನೀರ ಕುಡಸ್ತೀರೇನ್ರಿ ಕಾಕಾ? ಒಳಗ ಮನಶ್ಯಾರು ಬೇಕು." ಮಂಜುಳಾ ಬಾಗಿಲ ಬಳಿ ಕೊಡ ಇಳಿಸುತ್ತಿದ್ದ ಕೃಷ್ಣವ್ವನತ್ತ ತಿರುಗಿದಳು. "ಯವ್ವಾ, ಆ ನಾಕು ಮನ್ಯಾಗ ಒಲಿ ಬೂದಿ ಇನ್ನೂ ಬೆಚ್ಚಗೈತಲ್ರಿ. ಯಾರಿರ್ತಾರ ಅಲ್ಲಿ?"

"ಯಾರೂ ಇಲ್ಲ. ನಾನ ಹಚ್ಚತೇನಿ. ನಿನ್ನಿ ಅಮಾಸಿ ಇತ್ತಲ್ಲ."

ಅಷ್ಟರಲ್ಲೇ ಎಲ್ಲ ಹೇಳಿ ಮುಗಿಸಿದೆ ಎಂಬಂತೆ ಕೃಷ್ಣವ್ವ ಸೊಂಟ ಹಿಡಿದು ಹೊಸ್ತಿಲ ಮೇಲೆ ಕುಳಿತಳು. ಬಾವಿ ಇದ್ದದ್ದು ಗುಡ್ಡದ ಅರ್ಧಕ್ಕೆ. ಕಲ್ಲಿನಲ್ಲಿ ಕಡಿದ ಮೆಟ್ಟಿಲು ನೂರಕ್ಕೂ ಮೇಲೆ. ದಿನಕ್ಕೆ ಮೂರು ಸಲ ಇಳಿಯುವುದು, ಮೂರು ಸಲ ಹತ್ತುವುದು. ಗಂಡ ಸತ್ತಾಗಲೂ ಆ ಲೆಕ್ಕ ತಪ್ಪಿರಲಿಲ್ಲ. ಹೆಣ ತೊಳೆಯಲಿಕ್ಕೂ ಅವಳೇ ಇಳಿದು ನೀರು ತಂದಿದ್ದಳು. ಹೋದ ಶ್ರಾವಣದಲ್ಲಿ ಜಾರಿ ಬಿದ್ದ ಮೇಲೆ ಎಡಗಾಲು ಬೇರೆ ಯಾರದ್ದೋ ಕಾಲನ್ನು ತಂದು ಜೋಡಿಸಿದಂತೆ ಆಗಿತ್ತು. ಐವತ್ತೆಂಟು ವರ್ಷಕ್ಕೆ ಅವಳು ದೇವರ ಹತ್ತಿರ ಬೇಡುತ್ತಿದ್ದುದು ಒಂದೇ: ನೀರು ತಾನಾಗಿ ಮೇಲೆ ಬರಲಿ.

ಮಂಜುಳಾ ಬೆಳಿಗ್ಗೆ ಬರುವಾಗ ಆ ಮೆಟ್ಟಿಲಲ್ಲಿ ಅವಳ ಹಿಂದೆಯೇ ಹತ್ತಿದ್ದಳು. ಕೃಷ್ಣವ್ವ ಎರಡೆರಡು ಮೆಟ್ಟಿಲಿಗೊಮ್ಮೆ ನಿಂತದ್ದನ್ನು ನೋಡಿದ್ದಳು. ಈಗ ಮೊಬೈಲನ್ನು ಸೆರಗಿಗೆ ಒರೆಸುತ್ತ ದನಿ ಇಳಿಸಿದಳು. "ಫೋಟೋದಾಗ ಒಲಿ ಉರೀಬೇಕ್ರಿ. ಮ್ಯಾಲ ಅಡಗಿ ಬೇಯಬೇಕು. ಮುಂದ ಒಬ್ರು ಕುಂತಿರಬೇಕು. ಬೆನ್ನ ಕಂಡ್ರೂ ನಡೀತೈತಿ. ತಿಳೀತಿಲ್ರಿ?"

"ಸರಕಾರಕ್ಕ ನಿನ್ನ ಬೆನ್ನ ಸಾಕಂತ ಕೃಷ್ಣವ್ವಾ. ಮಾರಿ ನೋಡೂ ಹಂಗಿಲ್ಲ ಅಂತ ಅವರಿಗೂ ಗೊತ್ತಾಗೇತಿ," ಎಂದ ಲಗಮಪ್ಪ.

"ನಿನ್ನ ಮಾರಿ ತೋರಿಸಿದ್ರ ಇದ್ದ ಬಾವೀನೂ ಬತ್ತತೈತಿ. ಸುಮ್ನ ಕುಂಡ್ರೋ ಮುದುಕಾ."

ಜಗಲಿಗಳಿಂದ ನಗು ಬಂತು. ಬಂದಷ್ಟೇ ಬೇಗ ನಿಂತಿತು. ಮಂಜುಳಾಗೆ ತಿಳಿಯದ್ದು ಅಲ್ಲಿ ಕುಳಿತ ಎಲ್ಲರಿಗೂ ತಿಳಿದಿತ್ತು.

ಮ್ಯಾಲಿನಟ್ಟಿಯಲ್ಲಿ ಊರು ಬಿಟ್ಟು ದುಡಿಯಲು ಹೋಗುವವರು ಬಾಗಿಲಿಗೆ ಬೀಗ ಹಾಕುವುದಿಲ್ಲ. ಒಲೆಯನ್ನು ಯಾರಿಗಾದರೂ ಒಪ್ಪಿಸಿ ಹೋಗುತ್ತಾರೆ. ಒಪ್ಪಿಸಿಕೊಂಡವರು ಅಮಾಸೆಗೊಮ್ಮೆ ನಾಲ್ಕು ಕಡ್ಡಿ ಉರಿಸಿ ಬರಬೇಕು. ಉರಿಸಬೇಕು, ಅಷ್ಟೆ. ಗಡಿಗೆ ಏರಿಸುವಂತಿಲ್ಲ. ಪರರ ಒಲೆಯ ಮೇಲೆ ಬೇಯಿಸಿ ಒಂದು ತುತ್ತು ಉಂಡರೆ ಆ ಮನೆ ಮುಗಿಯಿತು, ಅದರವರು ತಿರುಗಿ ಬರುವುದಿಲ್ಲ ಎಂದು ಅರ್ಥ. ಮರುದಿನ ಯಾರು ಬೇಕಾದರೂ ತೊಲೆ ಬಿಚ್ಚಿಕೊಂಡು ಹೋಗಬಹುದು. ಬೇಯಿಸಿ ಉಣ್ಣದೆ ಎದ್ದರೆ ಇನ್ನೂ ಕೆಟ್ಟದ್ದು. ಖಾಲಿ ಗಡಿಗೆ ಇಡುವುದಂತೂ ಸಾವಿನ ಮನೆಯಲ್ಲಿ ಮಾತ್ರ. ಹಿರಿಯರು ಇದರಲ್ಲಿ ಒಂದು ಸಂದಿಯನ್ನೂ ಬಿಟ್ಟಿರಲಿಲ್ಲ. ಅವರಿಗೆ ಬೇರೆ ಕೆಲಸವೂ ಇದ್ದಿರಲಿಕ್ಕಿಲ್ಲ.

ಕೃಷ್ಣವ್ವ ಎಲ್ಲಿಗೂ ಹೋಗುವವಳಲ್ಲವೆಂದು ನಾಲ್ಕು ಮನೆಯವರೂ ಅವಳಿಗೇ ಒಪ್ಪಿಸಿದ್ದರು. ನಾಲ್ಕನೆಯದು ಅವಳ ತಂಗಿ ರೇಣುವಿನ ಮನೆ.

ಯಾರೂ ಮಾಡು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಎಲ್ಲರೂ ಅವಳ ಕಾಲನ್ನೇ ನೋಡುತ್ತಿದ್ದರು. ಕೃಷ್ಣವ್ವ ಎದ್ದು ಒಳಗೆ ಹೋಗಿ ಸಣ್ಣ ಗಡಿಗೆ, ಜೋಳದ ನುಚ್ಚು ತಂದಳು.

ಮೊದಲ ಮನೆಯಲ್ಲಿ ಕಷ್ಟವಾಗಲಿಲ್ಲ. ಅದರವರು ರಾಮದುರ್ಗದಲ್ಲಿ ಮನೆ ಕಟ್ಟಿಸಿ ಮೂರು ವರ್ಷವಾಗಿತ್ತು. ಎರಡನೆಯ ಮನೆಯ ಮುದುಕ ಬೈಲಹೊಂಗಲದ ಮಗಳ ಮನೆಯಲ್ಲಿ ತೀರಿಕೊಂಡಿದ್ದ. ಮೂರನೆಯದರ ತೊಲೆಗಳನ್ನು ಲಗಮಪ್ಪ ಆಗಲೇ ಕಣ್ಣಿನಲ್ಲೇ ಅಳೆದಿಟ್ಟಿದ್ದ. ಒಂದೊಂದು ಕಡೆಯೂ ಕೃಷ್ಣವ್ವ ಬೆನ್ನು ತೋರಿಸಿ ಕುಳಿತಳು, ಮಂಜುಳಾ ಫೋಟೋ ಹೊಡೆದಳು. ಆಮೇಲೆ ಕೃಷ್ಣವ್ವ ಒಂದು ತುತ್ತು ನುಂಗಿ ಎದ್ದಳು. ಹತ್ತೊಂಬತ್ತಾಯಿತು.

ರೇಣುವಿನ ಬಾಗಿಲ ಮುಂದೆ ಗಡಿಗೆ ಇಳಿಸಿ, "ಒಂದೀಟು ತಡೀರಿ ಬಾಯಾರ, ಬಂದೆ," ಎಂದಳು.

ಊರಿನಲ್ಲಿ ಫೋನು ಹಿಡಿಯುವುದು ಮೂಡಲ ಅಂಚಿನ ಆನೆಗುಂಡು ಎಂಬ ಬಂಡೆಯ ಮೇಲೆ ಮಾತ್ರ. ಕಾಲೆಳೆಯುತ್ತ ಹತ್ತಿದಳು. ಅತ್ತ ಎಂ.ಕೆ. ಹುಬ್ಬಳ್ಳಿಯಲ್ಲಿ ರೇಣು ಫೋನು ಎತ್ತಿದ ಕೂಡಲೇ ನೀರು ಸುರಿಯುವ ಸಪ್ಪಳ ಕೇಳಿತು.

"ಜಲ್ದಿ ಹೇಳಕ್ಕಾ, ನಳ ಬಂದಾವ."

"ಹೆಂಗದೀರಿ? ಪರಶು ಹೆಂಗದಾನು?" ಎಂದು ಕೃಷ್ಣವ್ವ ತಂಗಿಯ ಗಂಡನ ಸುದ್ದಿಯನ್ನೂ ಕೇಳಿದಳು.

"ಅದಾನ. ಕಬ್ಬು ಹೇರಿ ಹೇರಿ ಬೆನ್ನು ನೋಯ್ತೈತಿ ಅಂತಾನ. ಹುಡುಗೂರ ಸಾಲಿ ಇಲ್ಲೇ ಐತಲ್ಲ, ಮತ್ತೇನ್ ಮಾಡೂದು? ಯಾಕ, ಏನಾತು?"

"ಏನಿಲ್ಲ. ನಿನ್ನ ಒಲಿ ಸುದ್ದಿ..."

"ಯಾವ ಒಲಿ?"

ಕೃಷ್ಣವ್ವ ಫೋನನ್ನು ಇನ್ನೊಂದು ಕಿವಿಗೆ ಹಚ್ಚಿದಳು. "ಇಲ್ಲೀದು. ಅಮಾಸಿಗೆ ಹಚ್ಚು ಅಂತ ಹೇಳಿ ಹೋಗಿದ್ಯಲ್ಲ."

ಅತ್ತ ನೀರು ಸುರಿಯುತ್ತಲೇ ಇತ್ತು. "ಯವ್ವಾ! ನೀ ಇನ್ನೂ ಹಚ್ಚಾಕತ್ತೀಯೇನಕ್ಕಾ? ನಾ ಮರತ ಬಿಟ್ಟಿದ್ನೆ." ರೇಣು ನಕ್ಕಳು, ಕೆಟ್ಟ ನಗುವಲ್ಲ, ಚಿಕ್ಕವಳಿದ್ದಾಗಿನದೇ ನಗು. "ನಿಂದೊಂದು! ಆ ಕಾಲ ತಗೊಂಡು ಅಲ್ಲೀಮಟ ಯಾಕ ಹೋಗ್ತಿ? ತಡಿ, ಕೊಡ ತುಂಬೇತಿ. ಇಡ್ಲ್ಯಾ?"

"ಇಡು," ಎಂದಳು ಕೃಷ್ಣವ್ವ.

ನಾಲ್ಕು ವರ್ಷದಲ್ಲಿ ಎಷ್ಟು ಅಮಾಸೆ ಬಂದುವೆಂದು ಎಣಿಸುವ ಗೋಜಿಗೆ ಅವಳು ಹೋಗಲಿಲ್ಲ. ಗುಂಡಿನ ಮೇಲೆ ಸ್ವಲ್ಪ ಹೊತ್ತು ಕುಳಿತಳು. ಕೆಳಗೆ ದೂರದಲ್ಲಿ ಯಾರದೋ ಟ್ರ್ಯಾಕ್ಟರು ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು. ಸಪ್ಪಳ ಇಲ್ಲಿತನಕ ಬರುತ್ತಿರಲಿಲ್ಲ. ಬಿಸಿಲಿಗೆ ಕಲ್ಲು ಕಾಯ್ದು ಸುಡತೊಡಗಿದ ಮೇಲೆ ಇಳಿದು ಬಂದಳು.

"ಏನಂದ್ಲು ರೇಣು?" ಎಂದ ಲಗಮಪ್ಪ. ಈಗ ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ.

"ನಳ ಬಂದಿತ್ತು. ಗಡಿಬಿಡ್ಯಾಗಿದ್ಲು."

ಒಳಗೆ ಹೋಗಿ ಉರಿ ಹಚ್ಚಿದಳು. ಗಡಿಗೆ ಏರಿಸಿ, ನೀರು ಕಾಯ್ದ ಮೇಲೆ ನುಚ್ಚು ಸುರಿದಳು. ಈ ಸಲ ಬೆನ್ನು ತಿರುಗಿಸಲು ಮರೆತು ಬಾಗಿಲಿಗೆ ಮುಖ ಮಾಡಿಯೇ ಕುಳಿತಿದ್ದಳು. ಮಂಜುಳಾ ತಾನೇ ಸುತ್ತಿ ಹಿಂದೆ ಹೋಗಿ ಫೋಟೋ ತೆಗೆದಳು.

"ಇಪ್ಪತ್ತಾತ್ರಿ ಯವ್ವಾ."

"ಆಗ್ಲಿ."

ಮೊಬೈಲು ಚೀಲದಲ್ಲಿಟ್ಟ ಮೇಲೂ ಹುಡುಗಿ ಹೋಗಲಿಲ್ಲ. ಗೋಡೆಗೆ ಒರಗಿ ಕುಳಿತು, ಕುದಿಯುವ ಗಡಿಗೆಯನ್ನೇ ನೋಡುತ್ತ ಹೇಳಿದಳು: "ಮುಂಜಾನಿ ಬರೇ ಚಾ ಕುಡದ ಬಂದೇನ್ರಿ. ನನಗೂ ಒಂದ್ ಮುಟಿಗಿ ಹಾಕ್ರಿ."

ಕೃಷ್ಣವ್ವ ಅವಳನ್ನು ನೋಡಿದಳು. ತಾನು ಮೂರು ಮನೆಯಲ್ಲಿ ಉಪ್ಪಿಲ್ಲದ ಸಪ್ಪೆ ನುಚ್ಚನ್ನೇ ನುಂಗಿ ಎದ್ದಿದ್ದಳು. ಬಂದವರಿಗೆ ಹಾಗೆ ಇಕ್ಕಲಾದೀತೆ? ತಿರುಗಿ ನೋಡದೆಯೇ ಒಲೆಯ ಬಲಕ್ಕೆ, ಗೋಡೆಯ ಗೂಡಿನೊಳಗೆ ಕೈ ಹಾಕಿದಳು. ತಂಗಿಯ ಉಪ್ಪಿನ ಭರಣಿ ಇದ್ದಲ್ಲೇ ಇತ್ತು. ನಾಲ್ಕು ಮಳೆಗಾಲದ ತಂಡಿ ಹೀರಿ ಉಪ್ಪೆಲ್ಲ ಒಂದೇ ಗಟ್ಟಿ ಕಲ್ಲಾಗಿತ್ತು. ಬೆರಳಿಗೆ ಬರಲಿಲ್ಲ, ಉಗುರಿಗೂ ಬರಲಿಲ್ಲ.

ಭರಣಿಯನ್ನು ತೊಡೆಗಳ ನಡುವೆ ಇರುಕಿಕೊಂಡು ಇಕ್ಕಳದ ತುದಿಯಿಂದ ಕುಟ್ಟತೊಡಗಿದಳು. ನಾಲ್ಕನೆಯ ಪೆಟ್ಟಿಗೆ ಅಡಿಕೆಯಷ್ಟು ದಪ್ಪ ಚೂರು ಸಿಡಿದು ಮಡಿಲಿಗೆ ಬಿತ್ತು. ಅದನ್ನು ಸೆರಗಿನಿಂದ ಒರೆಸಿ ಗಡಿಗೆಗೆ ಹಾಕಿ, ಕರಗುವತನಕ ತಿರುವುತ್ತ ಕುಳಿತಳು.