ಹದಿನಾಲ್ಕನೆಯ ಮನೆಯವರು

ಹುರುಳಿಕಾಳು ಬೇಯುವ ವಾಸನೆ, ಅಲ್ಲ, ಬಸಿದ ಹುರುಳಿಕಟ್ಟಿಗೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದ ವಾಸನೆ, ಮೆಟ್ಟಿಲ ತಿರುವಿನಲ್ಲೇ ಮೂಗಿಗೆ ಬಡಿಯಿತು, ಚೆನ್ನೈನ ಪೋರೂರಿನ ಈ ವಠಾರದಲ್ಲಿ ನಡುಮಧ್ಯಾಹ್ನ ಹುರುಳಿ ಬಸ್ಸಾರು ಮಾಡುವವರು ಯಾರು, ಯಾರೂ ಇಲ್ಲ, ಹತ್ತೊಂಬತ್ತು ಮನೆಗಳಿಗೆ ನಾನೇ ಹೋಗಿದ್ದೇನೆ, ನಿನ್ನೆ ಏನು ಉಂಡಿರಿ ಎಂದು ನಾನೇ ಕೇಳಿದ್ದೇನೆ, ಸಾಂಬಾರು, ರಸಂ, ಮೀನು ಕೊಳಂಬು, ಅಷ್ಟೇ, ಹುರುಳಿಕಾಳು ಎಂದು ಬರೆದದ್ದು ಒಂದೇ ಒಂದು ಫಾರಮಿನಲ್ಲಿ, ಹದಿನಾಲ್ಕನೆಯ ಮನೆಯದರಲ್ಲಿ, ಆ ಮನೆಗೆ ಬೀಗ ಹಾಕಿತ್ತು — ಬೇಗ ಬಾ ಮಾ ನಿಖಿತಾ, ತೀರ್ಪುಗಾರರಾದ ರಮಾಬಾಯಿ ಮೇಡಂ ಮೇಲಿನಿಂದ ಕರೆಯುತ್ತಾರೆ, ನಿನ್ನ ವಯಸ್ಸಿಗೆ ನಾನು ಇಂಥ ಮೆಟ್ಟಿಲು ಓಡಿ ಹತ್ತುತ್ತಿದ್ದೆ, ಹತ್ತಿರಬಹುದು ಮೇಡಂ, ಮೇಲೆ ಬೀಗದ ಮುಂದೆ ಮಾನ ಕಳೆದುಕೊಳ್ಳಲು ಯಾರು ತಾನೆ ಓಡುತ್ತಾರೆ. ಮೂರು ಸಲ ಬಂದಿದ್ದೆ, ಸುಳ್ಳಲ್ಲ, ಮೈಲಾಪೂರಿನಿಂದ ಎರಡು ಬಸ್ಸು ಹತ್ತಿ ಮೂರು ಸಲ, ಮೂರು ಸಲವೂ ಅದೇ ತುಕ್ಕು ಬೀಗ, ಮರುದಿನವೇ ಫಾರಂ ಕೊಡಲು ಕೊನೆಯ ದಿನ, ಆಮೇಲೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಹದಿನೈದು ನಿಮಿಷದಲ್ಲಿ ಒಂದು ಸಂಸಾರ ಕಟ್ಟಿದೆ, ನನಗೆ ಸುಲಭವಾಗಲಿ ಎಂದು ಕನ್ನಡದವರನ್ನೇ ಮಾಡಿದೆ, ಚಾಮರಾಜನಗರದ ಕಡೆಯವರು, ಗಂಡ ಹನುಮಂತಯ್ಯ ಗಾರೆ ಕೆಲಸ, ಹೆಂಡತಿ ಶಿವಲಿಂಗಮ್ಮ, ಮಕ್ಕಳು ಎರಡು, ಮಂಜುನಾಥ ಹತ್ತು ವರ್ಷ, ಮಾದೇವಿ ಆರು. ನಿಜವಾದ ಮನೆಗಳೆಲ್ಲ ಹೌದು, ಇಲ್ಲ, ತೆರಿಯಾದು, ಗೊತ್ತಿಲ್ಲ, ಎಂದು ಸುಮ್ಮನಾದವು, ಬೀಗದ ಮನೆ ಮಾತ್ರ ವಟವಟ ಮಾತಾಡಿತು, ಸರಿ, ಕಥೆಗೂ ಅದನ್ನೇ ಹಿಡಿದೆ. ಕಾಲೇಜಿನ ಸ್ಪರ್ಧೆಗೆ ಬೇಕಾದದ್ದೂ ಅದೇ ತಾನೆ, ಇಪ್ಪತ್ತು ಮನೆಗಳ ಸಮೀಕ್ಷೆ, ಅದರಲ್ಲಿ ಒಂದು ಮನೆಯ ಕಥೆ, ಎರಡನ್ನೂ ಒಟ್ಟಿಗೆ ಪಿನ್ ಮಾಡಿ ಕೊಡುವುದು, ಕಥೆಯಿಲ್ಲದ ಅಂಕಿಅಂಶ ಹೆಣ, ಅಂಕಿಅಂಶವಿಲ್ಲದ ಕಥೆ ದೆವ್ವ, ಉದ್ಘಾಟನೆಯ ದಿನ ಮೇಡಂ ಹೇಳಿದ್ದಕ್ಕೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು. ಕೊನೆಯ ಸುತ್ತಿಗೆ ಬಂದ ಮನೆಗಳನ್ನು ತೀರ್ಪುಗಾರರೇ ಹೋಗಿ ನೋಡುತ್ತಾರೆ ಎಂಬ ನಿಯಮ ಹಾಳೆಯ ಹಿಂಬದಿಯಲ್ಲಿತ್ತು, ಹಿಂಬದಿ ಯಾರು ಓದುತ್ತಾರೆ.

ಸಿಕ್ಕಿಬಿದ್ದರೆ ಬಹುಮಾನ ಹಾಳಾಗಲಿ, ಸಮಾಜಶಾಸ್ತ್ರದ ಅಂಕ ಹೋಗುತ್ತದೆ, ಮನೆಗೆ ಪತ್ರ ಹೋಗುತ್ತದೆ, ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವುದೇ ಅಪ್ಪನ ಕೆಲಸ, ಅವರ ಮುಖ ಹೇಗೆ ನೋಡಲಿ, ಖಾಲಿ ಮಾಡಿಕೊಂಡು ಹೋದರಂತೆ ಮೇಡಂ ಎಂದುಬಿಡಬೇಕು, ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡದ್ದು ಇದನ್ನೇ, ಆದರೆ ಕೆಳಗೆ ಖಾಲಿ ಬಿಂದಿಗೆಗಳ ಸಾಲಿನ ಹತ್ತಿರ ಕೂತಿದ್ದ ಹೆಂಗಸು, ಮೇಡಂ ಕೇಳಿದ್ದೇ ತಡ, ಅಂದ ಕನ್ನಡಕಾರಂಗಳಾ, ಮಾಡಿಲ ಇರುಕ್ಕಾಂಗ, ರೊಂಬ ನಾಳಾ ಇರುಕ್ಕಾಂಗ ಎಂದುಬಿಟ್ಟಳು, ಮೇಲೆ ಇದ್ದಾರಂತೆ, ಬಹಳ ದಿನದಿಂದ ಇದ್ದಾರಂತೆ, ನಾನು ಬಂದ ಮೂರು ಸಲವೂ ಇದೇ ಹೆಂಗಸು ಅಲ್ಲಿ ಯಾರೂ ಇಲ್ಲಮ್ಮ ಎಂದು ಕೈಯಾಡಿಸಿದ್ದಳು. ಬೀಗ ಇಲ್ಲ. ಬಾಗಿಲು ತೆರೆದಿದೆ, ಹೊಸ್ತಿಲ ಹೊರಗೆ ಗಾರೆ ಮೆತ್ತಿದ ಚಪ್ಪಲಿ, ಹೆದರಿಕೆಯಾಗುತ್ತಿದೆ, ಇದು ಸಿಕ್ಕಿಬೀಳುವ ಹೆದರಿಕೆಯಲ್ಲ, ಬೇರೆ. ಬನ್ನಿ ಕನಕ್ಕ, ಒಳಕ್ಕೆ ಬನ್ನಿ, ಬಿಸ್ಲು ಹೊತ್ನಲ್ಲಿ ಬಂದಿದ್ದೀರಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದವಳು ನಲವತ್ತರೊಳಗಿನ ಹೆಂಗಸು, ಮೇಡಂ ಚಾಪೆಯ ಮೇಲೆ ಕೂತು ನನ್ನ ಫಾರಂ ತೆರೆದು ಒಂದೊಂದೇ ಕೇಳುತ್ತಾರೆ, ಹೆಸರೇನಮ್ಮ, ಶಿವಲಿಂಗಮ್ಮ, ಯಜಮಾನರು, ಗಾರೆ ಕೆಲ್ಸ ಕನಕ್ಕ, ಮಕ್ಕಳೆಷ್ಟು, ಎಲ್ಡು, ದೊಡ್ಡೋನು ಮಂಜುನಾಥ ಇಸ್ಕೂಲ್ಗೆ ಹೋಗವ್ನೆ, ಮೇಡಂ ಪೆನ್ಸಿಲು ಸರಿ, ಸರಿ, ಸರಿ ಎಂದು ಗೀರುತ್ತಲೇ ಹೋಗುತ್ತದೆ, ಪರವಾಯಿಲ್ಲ ಮಾ, ಒಂದೂ ತಪ್ಪಿಲ್ಲ, ಅಷ್ಟರಲ್ಲಿ ಒಳಗಿನಿಂದ ಹುಡುಗಿ ಬರುತ್ತದೆ, ಎಡ ಮೊಣಕೈಯಲ್ಲಿ ಸುಟ್ಟ ಗಾಯದ ಕಲೆ, ಅದು ನನ್ನ ಕಲೆ, ಅಮ್ಮ ಕಾಫಿ ಸೋಸುವಾಗ ನನ್ನ ಮೇಲೆ ಚೆಲ್ಲಿದ್ದು, ಪಾತ್ರಕ್ಕೆ ಜೀವ ಬರಲಿ ಎಂದು ಕಥೆಯ ಮಾದೇವಿಗೆ ಕೊಟ್ಟಿದ್ದೆ, ಕೈ ತಾನಾಗಿ ನನ್ನ ಮೊಣಕೈ ತಡವುತ್ತದೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ. ಅಯ್ಯೋ, ಕಥೆಯ ಕೊನೆ. ಸಾವಿಲ್ಲದ ಕಥೆಗೆ ಸಮಾಧಾನಕರ ಬಹುಮಾನ ಅಷ್ಟೇ ಎಂದು ಕಳೆದ ವರ್ಷ ಗೆದ್ದ ಪ್ರಮೋದ್ ಕ್ಯಾಂಟೀನಿನಲ್ಲಿ ಹೇಳಿದ, ನಾನು ತಲೆಯಾಡಿಸಿದೆ, ನೀರಿನ ಲಾರಿ ಬಾರದ ವಾರ, ವಠಾರದ ಹಳೆಯ ಸಂಪಿನ ನೀರು, ಮಾದೇವಿ ಕುಡಿಯುತ್ತಾಳೆ, ಮೂರನೆಯ ದಿನ ಸಂಜೆಯೊಳಗೆ ವಾಂತಿ ಭೇದಿ, ತಾಯಿಯ ಮಡಿಲಲ್ಲೇ ಹೋಗುತ್ತಾಳೆ, ಕೊನೆಯ ಸಾಲು ಬರೆದು ನನಗೇ ಮೆಚ್ಚಿಗೆಯಾಗಿ ಅಮ್ಮನಿಗೆ ಓದಿ ಹೇಳಿದ್ದೆ.

ಹುಡುಗಿಯ ಕೈಯಲ್ಲಿ ಲೋಟ, ತುಂಬಿದ ಲೋಟ, ಮೇಡಂ ತಮ್ಮ ಬಾಟಲಿ ತೋರಿಸಿ ಬೇಡ ಕಣ್ಣು ಎಂದು ಮುದ್ದಾಗಿ ಹೇಳುತ್ತಾರೆ, ಹುಡುಗಿ ಅದನ್ನು ನನ್ನತ್ತ ಚಾಚುತ್ತದೆ, ನಾನು ತೆಗೆದುಕೊಳ್ಳುವುದಿಲ್ಲ, ಲಾರಿ ಬಂದಿಲ್ಲ ಕನಕ್ಕ, ಕೆಳ್ಗಡೆ ಸಂಪಿಂದೇ, ತಾಯಿ ನಾಚಿಕೊಳ್ಳುತ್ತಾಳೆ, ಹುಡುಗಿ ಲೋಟವನ್ನು ತನ್ನ ಬಾಯಿಗೇ ಎತ್ತುತ್ತದೆ, ಕುಡೀಬೇಡ ಪುಟ್ಟಿ, ಕುಡೀಬೇಡ, ಅದು ಕೆಟ್ಟ ನೀರು, ನನ್ನ ದನಿ ಕಿರುಚುತ್ತದೆ, ಏನೂ ಆಗಕಿಲ್ಲ ಬುಡಿ, ಮೂರು ದಿವ್ಸದಿಂದ ಅದ್ನೇ ಕುಡೀತಾವ್ಳೆ. ಮೂರು ದಿವಸ. ಆಸ್ಪತ್ರೆಗೆ, ಈಗಲೇ, ಆದರೆ ಏನೆಂದು ಹೇಳಲಿ, ಚೆನ್ನಾಗಿ ಕುಣಿದಾಡುವ ಮಗುವನ್ನು ಯಾಕೆ ಎತ್ತಿಕೊಂಡು ಓಡಬೇಕೆಂದರೆ ನಾನು ಬರೆದಿದ್ದೇನೆ ಎನ್ನಲೇ, ಹೌದು, ಅದನ್ನೇ ಹೇಳಬೇಕು, ಹೋಗಲಿ ಬಹುಮಾನ, ಹೋಗಲಿ ಅಂಕ, ಅಪ್ಪ ಬೈಯಲಿ, ಮೇಡಂ, ನಾನು ಈ ಮನೆಯೊಳಗೆ ಕಾಲೇ ಇಟ್ಟಿಲ್ಲ, ಬೀಗ ಹಾಕಿತ್ತು, ಇವರನ್ನೆಲ್ಲ ನಾನೇ ಕಟ್ಟಿ ಬರೆದದ್ದು, ಫಾರಂ ಸುಳ್ಳು, ಕಥೆ ಸುಳ್ಳು, ಮಗುವನ್ನು ಡಾಕ್ಟರ ಹತ್ತಿರ — ಉಸಿರು ಕಟ್ಟಿ ಒಂದೇ ಸಮ ಹೇಳಿಬಿಟ್ಟೆ, ಎದೆ ಹಗುರವಾಯಿತು, ಒಂದು ಕ್ಷಣ, ಶಿವಲಿಂಗಮ್ಮ ನಗುತ್ತಾಳೆ, ಯಾಕಕ್ಕ ಹಿಂಗ್ ಸುಳ್ ಹೇಳೀರಿ, ಬಂದಿದ್ರಲ್ಲ ನೀವು, ಇದೇ ಚಾಪೆ ಮ್ಯಾಲೆ ಕುಂತ್ಕಂಡು ಬರ್ಕಂಡ್ರಲ್ಲ, ನೀವು ಬರ್ದು ಮುಗ್ಸೋಗಂಟ ಮಾದೇವಿ ನಿಮ್ ತೊಡೆ ಮ್ಯಾಲೇ ಮಲ್ಗಿತ್ತು. ಮೇಡಂ ನನ್ನ ಬೆನ್ನು ತಟ್ಟುತ್ತಾರೆ, ಬಿಸಿಲು ಹತ್ತಿದೆ ನಿನಗೆ, ನೀನು ಬರೆದದ್ದೆಲ್ಲ ನಿಜ ಮಾ, ಪ್ರತಿಯೊಂದು ಅಕ್ಷರ ನಿಜ, ಫಾರಮಿನ ಕೆಳಗೆ ಸಹಿ ಹಾಕುತ್ತಾರೆ, ಹುಡುಗಿ ಲೋಟದ ಅಂಚಿನ ಮೇಲಿಂದ ನನ್ನನ್ನೇ ನೋಡುತ್ತ ಕುಡಿಯುತ್ತಿದೆ, ಕಣ್ಣು ಮಿಟುಕಿಸುತ್ತಿಲ್ಲ, ಗಂಟಲು ಏರುತ್ತದೆ, ಇಳಿಯುತ್ತದೆ, ಬಿಡು ಪುಟ್ಟಿ, ಗಂಟಲು ಏರುತ್ತದೆ, ಇಳಿಯುತ್ತದೆ, ಗಂಟಲು ಏರುತ್ತದೆ