ಒಂದು ಬುಟ್ಟಿ ಸೊಟ್ಟಗಿದ್ದರೆ ನಲವತ್ತೂ ಸೊಟ್ಟವೇ?

ಬಿದಿರು ಬುಟ್ಟಿ ಹೆಣೆಯುವ ಅತ್ತೆ-ಸೊಸೆಗೆ ಆ ಬೆಳಿಗ್ಗೆ ಒಂದೇ ಚಿಂತೆ. ಬುಟ್ಟಿಯ ಬೆಲೆ ಒಂದು ವರ್ಷದಲ್ಲಿ ಎರಡು ಸಲ ಇಳಿದಿತ್ತು. ಮೂರನೇ ಸಲವೂ ಇಳಿದರೆ ಸೊಸೆ ಬಿದಿರು ಸೀಳುವ ಕತ್ತಿ ಕೆಳಗಿಟ್ಟು ಕಲ್ಲು ಒಡೆಯುವ ಕೆಲಸಕ್ಕೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ವ್ಯಾಪಾರಿ ಬಂದ. ಅಂಗಳದಲ್ಲಿ ಹತ್ತು ಹತ್ತರಂತೆ ನಾಲ್ಕು ಕಡೆ ಪೇರಿಸಿಟ್ಟ ಬುಟ್ಟಿಗಳಿದ್ದವು. ಒಂದು ರಾಶಿಯ ತಳದಿಂದ ಬುಟ್ಟಿಯೊಂದನ್ನು ಎಳೆದ. ಅದರ ಅಂಚು ಸೊಟ್ಟಗಿತ್ತು.

"ನೋಡಮ್ಮ, ಮಾಲು ಕೆಟ್ಟಿದೆ. ನಲವತ್ತಕ್ಕೂ ಬೆಲೆ ಕಾಲು ಭಾಗ ಕಡಿಮೆ."

"ಒಂದೇ ಅಲ್ವಾ ಅಣ್ಣ ಸೊಟ್ಟಗಿರೋದು?" ಎಂದಳು ಸೊಸೆ.

"ಅನ್ನ ಬೆಂದಿದೆಯಾ ಅಂತ ನೋಡೋಕೆ ಮಡಕೆ ಪೂರ್ತಿ ತಿಂತೀಯಾ? ಒಂದು ಅಗುಳು ಹಿಸುಕಿದ್ರೆ ಸಾಕು."

ಅತ್ತೆ ತಲೆಯಾಡಿಸಿದಳು. "ಅದೂ ಸರೀನೇ ಕಣೇ. ಇಪ್ಪತ್ತು ವರ್ಷದಿಂದ ಕೊಳ್ತಿದ್ದಾರೆ, ಸುಳ್ಳು ಹೇಳ್ತಾರಾ?"

ಪಕ್ಕದ ಮನೆಯವಳು ಬಟ್ಟೆ ಒಣಹಾಕುತ್ತಿದ್ದಳು. ಅವಳು ಮಹಿಳಾ ಸಂಘದ ಕಾರ್ಯದರ್ಶಿ. ಯಾರು ಏನು ಹೇಳಿದರೂ "ಯಾಕೆ?" ಎನ್ನುವುದರಿಂದ ಕೇರಿಯಲ್ಲಿ ಅವಳ ಹೆಸರು ಯಾಕಕ್ಕ. ಬೆನ್ನ ಹಿಂದೆ ನಗುವವರೂ ಯಾವುದೇ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಅವಳ ಬಾಗಿಲನ್ನೇ ತಟ್ಟುತ್ತಾರೆ. ಯಾಕಕ್ಕ ಬಕೆಟ್ ಅಲ್ಲೇ ಬಿಟ್ಟು ಬಂದಳು.

"ಇಪ್ಪತ್ತು ವರ್ಷ ಕೊಂಡಿದ್ದಾರೆ ಅಂದ್ರೆ ಅವ್ರು ಹಳಬರು ಅಂತ ಅರ್ಥ ದೊಡ್ಡಮ್ಮ. ಇವತ್ತು ಆಡಿದ ಮಾತು ಸರಿ ಅಂತ ಹೇಗಾಗುತ್ತೆ?" ಎಂದು ವ್ಯಾಪಾರಿಯ ಕಡೆ ತಿರುಗಿದಳು. "ಅಣ್ಣ, ಅನ್ನ ಒಂದೇ ಮಡಕೇಲಿ, ಒಂದೇ ಬೆಂಕೀಲಿ ಬೇಯುತ್ತೆ. ಅದಕ್ಕೆ ಒಂದು ಅಗುಳು ಸಾಕು. ಬುಟ್ಟಿ ಒಂದೊಂದಾಗಿ ಹೆಣೀತಾರೆ. ತಳದ್ದು ಎಳೆದ್ರಿ, ನಡುವಿಂದು ಯಾಕೆ ನೋಡ್ಲಿಲ್ಲ?"

"ಪೇಟೇಲಿ ಪ್ಲಾಸ್ಟಿಕ್ ಬುಟ್ಟಿ ಅರ್ಧ ಬೆಲೆಗೆ ಸಿಗುತ್ತೆ, ಗೊತ್ತಾ?" ವ್ಯಾಪಾರಿ ಮಾತು ತಿರುಗಿಸಿದ.

"ಮತ್ತೆ ಅದನ್ನೇ ಕೊಳ್ಳದೆ ಇಷ್ಟು ದೂರ ಯಾಕೆ ಬಂದ್ರಿ? ಬಿದಿರಿಂದೇ ಬೇಕು ಅನ್ನೋ ಗಿರಾಕಿ ಇದ್ದಾರೆ ತಾನೆ?"

ಸೊಸೆ ಕಿಸಕ್ಕನೆ ನಕ್ಕಳು. ಧೈರ್ಯ ಬಂದು, "ನಾವು ಬಡವರು ಅಣ್ಣ, ಅದಕ್ಕಾದ್ರೂ ಪೂರ್ತಿ ಬೆಲೆ ಕೊಡಿ" ಎಂದಳು.

ಯಾಕಕ್ಕ ಅವಳನ್ನೂ ಬಿಡಲಿಲ್ಲ. ತನ್ನವರು ಆಡಿದರೆಂದು ತಪ್ಪು ಮಾತನ್ನು ಒಪ್ಪುವವಳಲ್ಲ. ಅವಳ ದೊಡ್ಡ ಗುಣವೇ ಅದು. "ಬಡತನ ನಿಜ ಕಣೇ. ಆದ್ರೆ ಬುಟ್ಟಿ ಚೆನ್ನಾಗಿದೆ ಅನ್ನೋಕೆ ಅದು ಸಾಕ್ಷಿನಾ? ಎಲ್ಲಾ ಹರಡು, ಬುಟ್ಟಿನೇ ಮಾತಾಡ್ಲಿ."

ನಲವತ್ತನ್ನೂ ಹರಡಿದರು. ತಳದಲ್ಲಿದ್ದ ನಾಲ್ಕು ಬುಟ್ಟಿಗಳು ಮಾತ್ರ ಸೊಟ್ಟಗಿದ್ದವು. ಉಳಿದ ಮೂವತ್ತಾರರ ಅಂಚು ದುಂಡಗೆ, ಬಿಗಿಯಾಗಿತ್ತು.

"ಹಸಿ ಆರೋ ಮೊದ್ಲೇ ಪೇರಿಸಿದ್ರಾ? ಮೇಲಿನ ಭಾರಕ್ಕೆ ತಳದವು ಕುಸಿದಿವೆ" ಎಂದಳು ಯಾಕಕ್ಕ.

ಅತ್ತೆ ನಾಚಿದಳು. "ನಾನೇ ಕಣಮ್ಮ. ಜಾಗ ಸಾಲ್ಲಿಲ್ಲ, ಆತುರಪಟ್ಟೆ."

"ಹಾಗಾದ್ರೆ ಈ ನಾಲ್ಕು ನಮ್ಮ ತಪ್ಪು. ಇವನ್ನ ಕೊಡಲ್ಲ. ಮೂವತ್ತಾರಕ್ಕೆ ಯಾಕೆ ಕಡಿಮೆ, ಹೇಳಿ ಅಣ್ಣ."

ವ್ಯಾಪಾರಿ ಒಂದೊಂದನ್ನೂ ತಿರುಗಿಸಿ, ಬಗ್ಗಿಸಿ ನೋಡಿದ. ಒಂದರಲ್ಲೂ ದೋಷ ಸಿಗಲಿಲ್ಲ. "ನೀನು ಊರಲ್ಲಿಲ್ಲದ ದಿನ ನೋಡ್ಕೊಂಡು ಬರ್ಬೇಕು ತಾಯಿ" ಎಂದು ಗೊಣಗುತ್ತಲೇ ಮೂವತ್ತಾರಕ್ಕೂ ಕಳೆದ ಸಲದ ಬೆಲೆಯನ್ನೇ ಕೊಟ್ಟ. ಬುಟ್ಟಿ ಅವನಿಗೂ ಬೇಕಿತ್ತು.

ಸೊಸೆ ಕಲ್ಲು ಒಡೆಯಲು ಹೋಗಲಿಲ್ಲ. ಹಾಗೆಂದು ಹಿಂದೆ ಇಳಿದಿದ್ದ ಬೆಲೆ ಮೇಲೇರಲೂ ಇಲ್ಲ.

"ಆ ಎರಡು ಸಲ ಏನು ಕಾರಣ ಕೊಟ್ಟಿದ್ರು ದೊಡ್ಡಮ್ಮ?" ಯಾಕಕ್ಕ ಕೇಳಿದಳು.

ಅತ್ತೆ ಸೊಟ್ಟ ಬುಟ್ಟಿಗಳನ್ನು ಒಳಗಿಡುತ್ತಾ ಹೇಳಿದಳು. "ನಾವು ಕೇಳ್ಲೇ ಇಲ್ಲ ಕಣಮ್ಮ."

ಅಕ್ಕಂದಿರೇ, ಅಣ್ಣಂದಿರೇ, ನೀವು ಕೇಳಿ. ಬೆಲೆ ಇಳಿಸುವವರು ಕೊಡುವ ಕಾರಣ ನಿಮ್ಮ ಮಾಲಿಗೆ ಸಂಬಂಧಿಸಿದ್ದೋ, ಎಲ್ಲವನ್ನೂ ನೋಡಿ ಹೇಳಿದ್ದೋ ಎಂದು ಅಲ್ಲೇ ವಿಚಾರಿಸಿ. ಗಾದೆ ಹೇಳಿದರೆಂದು ಬಾಯಿ ಮುಚ್ಚಬೇಡಿ. ನಿಮ್ಮ ಮಾತನ್ನೂ ಅದೇ ತಕ್ಕಡಿಯಲ್ಲಿ ತೂಗಿ, ಕೆಟ್ಟ ಮಾಲನ್ನು ನೀವೇ ಬದಿಗಿಡಿ. ಆಮೇಲೆ ಉಳಿದದ್ದಕ್ಕೆ ಪೂರ್ತಿ ಬೆಲೆ ಕೇಳಿ, ತಲೆ ತಗ್ಗಿಸದೆ ಕೇಳಿ.