ಬ್ಯಾಡ ಅನ್ನದ ಮನುಷ್ಯ

ಪೆಟ್ರೋಲ್ ಎತ್ತುವ ಹೊಸ ಪಂಪ್ ಕೂಡಿಸಿದರೂ ಕಾರು ಚಾಲೂ ಆಗಲಿಲ್ಲ. ಮಲ್ಲಿಕಾ ಕೀಲಿ ತಿರುವಿದಳು. ಇಂಜಿನ್ ಕರಕರ ಎಂದು ತಿರುಗಿ ನಿಂತಿತು. ಗಾಜಿಪುರದಿಂದ ಬಂದಿದ್ದ ಮೆಕ್ಯಾನಿಕ್ ಇನಾಯತ್, ಹಿಂದಿನ ಸೀಟು ಬಿಚ್ಚಿ ಅಂಗಳದಲ್ಲಿಟ್ಟು, ಪೆಟ್ರೋಲ್ ಟ್ಯಾಂಕಿನ ಮೇಲೆ ಬಗ್ಗಿ ಕಿವಿಗೊಟ್ಟಿದ್ದ.

“ಮತ್ತೊಮ್ಮೆ ತಿರುವ್ರಿ ಟೀಚರ್.”

ತಿರುವಿದಳು. ಅದೇ ಕರಕರ.

“ಕೀಲಿ ಹಾಕಿದ ಕೂಡ್ಲೆ ಪಂಪ್ ಗುಂಯ್ ಅನ್ಬೇಕ್ರಿ. ಆವಾಜೇ ಇಲ್ಲ. ಹೊಸಾದು ಭೀ ಖರಾಬ್ ಬಂದದೇನೋ.”

“ಮೊನ್ನೆ ಹಳೇದು ಖರಾಬ್ ಅಂದಿ. ಇವತ್ತು ಹೊಸಾದು ಖರಾಬ್. ನಾಳಿಗೆ ನಾನೇ ಖರಾಬ್ ಅಂತಿ.”

ನಗಲು ಹೋದ ಇನಾಯತ್ ಅವಳ ಮುಖ ನೋಡಿ ಮತ್ತೆ ಟ್ಯಾಂಕಿನ ಮೇಲೆ ಬಗ್ಗಿದ.

ಕಮಲಾಪುರದಲ್ಲಿ ಅಕ್ಕ ಅಂಬಮ್ಮ ಸೋಮವಾರದಿಂದ ಕಾಯುತ್ತಿದ್ದಳು. ಅಂಗನವಾಡಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆಗೆ ರಾಡ್ ಹಾಕಿಸಿಕೊಂಡವಳು. ಬಸ್ಸು ಹತ್ತುವಂತಿರಲಿಲ್ಲ. ಜೇವರ್ಗಿ ಕಾಲೋನಿಯ ಮಲ್ಲಿಕಾಳ ಮನೆಯ ಹಿಂದಿನ ಓಣಿಯಲ್ಲೇ ವ್ಯಾಯಾಮ ಮಾಡಿಸುವ ಕ್ಲಿನಿಕ್ ಇತ್ತು. ನಡೆಯುವಂತಾಗುವವರೆಗೆ ಅಕ್ಕ ಇಲ್ಲೇ ಇರಲಿ ಎಂದು ಮಲ್ಲಿಕಾ ಊಟದ ಹೊತ್ತಿನಲ್ಲಿ ಹೇಳಿದಾಗ ಗಂಡ ವಿವೇಕಾನಂದ, “ಬರ್ಲಿ ಬಿಡು, ನಿಮ್ಮಕ್ಕ ಅಲ್ಲೇನು,” ಎಂದಿದ್ದ. ಬಾಡಿಗೆ ಗಾಡಿ ಮಾಡುತ್ತೇನೆಂದಾಗ, “ಮನ್ಯಾಗ ಕಾರ್ ಇಟ್ಕೊಂಡು? ನಾಳೆ ರೆಡಿ ಆಗ್ತದ,” ಎಂದಿದ್ದ. ಪ್ರತಿ ದಿನವೂ ಅದೇ ಮಾತು.

ಅವನು ಯಾವುದಕ್ಕೂ ಬ್ಯಾಡ ಅಂದವನಲ್ಲ. ಅವಳು ಎಂ.ಎ. ಪರೀಕ್ಷೆಗೆ ಕೂರಬೇಕೆನ್ನುವಾಗ ಅವನ ಕಡೆಯ ನೆಂಟರೆಲ್ಲ ಬಂದಿಳಿದಿದ್ದರು. ಶಾಲೆಯ ಗೆಳತಿಯರೊಡನೆ ಪ್ರವಾಸಕ್ಕೆ ಹೊರಟ ಬೆಳಿಗ್ಗೆ ಅವನಿಗೆ ಎದೆನೋವು ಬಂದು, ಬಸ್ಸು ಹೋದ ಮೇಲೆ ವಾಸಿಯಾಗಿತ್ತು. ಒಂದು ಮಾತೂ ಬೈಯದ ಗಂಡ ಎಂದು ಓಣಿಯವರು ಹೊಗಳುತ್ತಿದ್ದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಫೋನ್ ಬಂತು. ಅಕ್ಕ.

“ಮಲ್ಲಿ, ಬ್ಯಾಡ ಬಿಡವ್ವ. ನಾ ಇಲ್ಲೇ ಹ್ಯಾಂಗರ ಇರ್ತೀನಿ. ದಿನಾ ಗಾಡಿ ಕೆಟ್ಟದ ಗಾಡಿ ಕೆಟ್ಟದ ಅಂತ ಹೇಳ್ಕೋತ ಕೂಡಬ್ಯಾಡ.”

“ಅಕ್ಕ, ಖರೇನ ಕೆಟ್ಟದ.”

“ಇರ್ಲಿ. ನಿನಗ ಹೇಳಾಕ ಬಾಯಿ ಬರವಲ್ದು, ನನಗ ತಿಳೀತದ.”

ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಆಗಲೇ ಕ್ಷಮಿಸಿಬಿಟ್ಟಂತಿತ್ತು. ತಂಗಿ ಓದಲೆಂದು ಮೂರು ವರ್ಷ ಮನೆಯ ಒಲೆ ಹೊತ್ತುಕೊಂಡವಳು, ಈಗ ಆ ತಂಗಿಯನ್ನೇ ಸುಳ್ಳುಗಾತಿ ಎಂದು ನಂಬಿ ಸುಮ್ಮನಾಗುತ್ತಿದ್ದಾಳೆ. ಇವತ್ತು ಹೋಗದಿದ್ದರೆ ಅಕ್ಕ ಇನ್ನೆಂದೂ ಈ ಮನೆಗೆ ಬರುವುದಿಲ್ಲ. ಮಲ್ಲಿಕಾ ಫೋನ್ ಇಟ್ಟು ಕಾರಿನ ಹಿಂದಿನ ಬಾಗಿಲಿಗೆ ಬಂದಳು.

“ಇನಾಯತ್, ಪಂಪಿನ ತನಕ ಕರೆಂಟ್ ಬರಾಕತ್ತದೇನು?”

ಅವನು ಕೈಯ ಎಣ್ಣೆ ಒರೆಸಿಕೊಂಡ. “ನೋಡಿಲ್ರಿ.”

“ಯಾಕ?”

“ಸಾಹೇಬ್ರು ಫೋನ್ ಮಾಡಿದ್ರು. ವೈರಿಂಗಿಗೆ ಕೈ ಹಚ್ಚಬ್ಯಾಡ, ಪಂಪೇ ಹೋಗ್ಯಾದ, ಅದನ್ನೇ ಬದಲು ಮಾಡು ಅಂದ್ರು.”

“ಕಾರ್ ಯಾರ್ದು?”

“ನಿಮ್ದೇ ರೀ.”

“ಸೋಮವಾರದಿಂದ ನಿನ್ನ ಮುಂದೇ ನಿಂತೀನಿ. ನನಗೊಂದು ಮಾತು ಕೇಳ್ಬೇಕು ಅನ್ಸಲಿಲ್ಲ?”

“ಮನ್ಯಾಗ ಗಂಡಸ್ರು ಇದ್ರ ಅವ್ರಿಗೇ ಕೇಳ್ತೀವ್ರಿ. ರಿವಾಜ್ ಅದ.”

“ನಿನ್ನ ರಿವಾಜ್ ಅಲ್ಲೇ ಇಡು. ಕರೆಂಟ್ ನೋಡು.”

ಪಂಪಿನ ವೈರಿಗೆ ಹಿಡಿದ ಬಲ್ಬು ಹೊತ್ತಲಿಲ್ಲ. ಫ್ಯೂಸ್ ನೋಡಿದ, ಸರಿ ಇತ್ತು. ಪಂಪಿಗೆ ಕರೆಂಟ್ ಹಾಯಿಸುವ ರಿಲೇ ಟಕ್ ಎನ್ನುತ್ತಿತ್ತು. ನಡುವೆ ಎಲ್ಲೋ ತುಂಡಾಗಿದೆ ಎಂದ. ಮಲ್ಲಿಕಾ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಕಾಲಡಿಯ ಹಾಸು ಎಳೆದಳು. ಬಾಗಿಲ ಪಕ್ಕದಿಂದ ಬಂದ ವೈರು ಒಂದು ಕಡೆ ತುಂಡಾಗಿ ಕಪ್ಪು ಟೇಪು ಸುತ್ತಿಸಿಕೊಂಡು ಚಾಲಕನ ಸೀಟಿನ ಅಡಿಗೆ ಹೋಗಿತ್ತು. ಮಂಡಿಯೂರಿ ಕೈ ತೂರಿಸಿದಳು. ಉಗುರಿನಷ್ಟು ಸಣ್ಣ ಸ್ವಿಚ್ಚು ಬೆರಳಿಗೆ ತಾಗಿತು.

“ಕಳ್ಳರ ಸಲುವಾಗಿ ಹಾಕಸ್ತಾರ್ರಿ ಇದು,” ಎಂದ ಇನಾಯತ್ ದನಿ ತಗ್ಗಿಸಿ. “ಬಂದ್ ಮಾಡಿದ್ರ ಪಂಪಿಗೆ ಕರೆಂಟ್ ಹೋಗಂಗಿಲ್ಲ. ನಾ ಹಾಕಿಲ್ರಿ, ಖುದಾ ಕಸಮ್.”

ಒತ್ತಿದಳು. ಕೀಲಿ ತಿರುವಿದೊಡನೆ ಹಿಂದಿನಿಂದ ಗುಂಯ್ ಎಂದಿತು, ಇಂಜಿನ್ ಚಾಲೂ ಆಯಿತು. ಅವಳು ಆರಿಸಿ, ಗಂಡನ ಆಫೀಸಿಗೆ ಫೋನ್ ಹಚ್ಚಿದಳು.

“ಕಾರ್ ಚಾಲೂ ಆತು.”

“ಹೌದಾ? ಪಂಪೇ ಅಂತ ನಾ ಹೇಳಿದ್ನಲ್ಲ.”

“ಸೀಟಿನ ಬುಡಕಿನ ಸ್ವಿಚ್ ಒತ್ತಿದೆ.”

ಆ ಕಡೆ ಯಾರೋ ಚಹಾ ಬಂತೆಂದು ಕೂಗುತ್ತಿದ್ದರು.

“ಅದೇನು... ಕಾಲೋನ್ಯಾಗ ಕಳವು ಆಗಾಕತ್ತಿದ್ವಲ್ಲ, ಅದಕ್ಕ ಹಾಕ್ಸಿದ್ದೆ. ಮರ್ತೇ ಬಿಟ್ಟೆ ನೋಡು.”

“ಮರ್ತವ್ರು ವೈರಿಂಗ್ ಮುಟ್ಟಬ್ಯಾಡ ಅಂತ ಹ್ಯಾಂಗ ಹೇಳಿದ್ರಿ?”

“ಸಂಜಿಗೆ ಕುಂತು ಮಾತಾಡೋಣು. ನಿಮ್ಮಕ್ಕ ಬರೋದು ಬ್ಯಾಡ ಅಂತ ನಾ ಯಾವಾಗರ ಅಂದೀನೇನು?”

“ಇಲ್ಲ. ಈಗ ಅನ್ರಿ. ಒಮ್ಮೆ ಬಾಯಿಬಿಟ್ಟು ಬ್ಯಾಡ ಅನ್ರಿ, ಕೇಳ್ತೀನಿ.”

“ಮೀಟಿಂಗ್ ಅದ,” ಎಂದು ಅವನು ಫೋನ್ ಇಟ್ಟ.

“ಆ ಸ್ವಿಚ್ ಕಿತ್ತು ವೈರ್ ನೇರ ಕೂಡಿಸು. ಹಿಂದಿನ ಸೀಟು ಹಾಕು,” ಎಂದಳು ಇನಾಯತ್‌ಗೆ.

“ಸಾಹೇಬ್ರಿಗೆ ಒಂದ್ ಮಾತು...” ಎಂದವನು ಪೂರ್ತಿ ಮಾಡದೆ ವೈರು ಕತ್ತರಿಸುವ ಪಕ್ಕಡ್ ಎತ್ತಿಕೊಂಡ.

ಕಮಲಾಪುರದ ದಾರಿಯುದ್ದಕ್ಕೂ ಅವಳು ಸ್ಟೀರಿಂಗನ್ನು ಕತ್ತು ಹಿಡಿದಂತೆ ಹಿಡಿದಿದ್ದಳು. ಸೋಮವಾರದಿಂದ ಅವನು ದಿನಾ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಕಾರಿನ ಪಕ್ಕ ನಿಂತು, ಬಾನೆಟ್ ತಟ್ಟಿ, ಅವಳಿಗೆ “ಪಾಪ, ನಿನಗೆಷ್ಟು ತ್ರಾಸ,” ಎಂದಿದ್ದ. ಆ ‘ಪಾಪ’ ನೆನೆದಾಗಲೆಲ್ಲ ಅವಳ ಕಾಲು ತಾನಾಗಿ ಎಕ್ಸಲರೇಟರ್ ಅದುಮುತ್ತಿತ್ತು.

ಅಂಬಮ್ಮ ಮಂಚದ ಮೇಲಿದ್ದಳು. ಕಟ್ಟಿದ್ದ ಬ್ಯಾಗು ಬಿಚ್ಚಿತ್ತು. ಸೀರೆಗಳು ಮತ್ತೆ ಹಗ್ಗದ ಮೇಲೇರಿದ್ದವು.

“ಅವರಿಗೆ ಕೇಳಿ ಬಂದಿಯೇನು?”

“ನಿನಗ ಕೇಳಾಕ ಬಂದೀನಿ. ಬರ್ತಿಯೋ ಇಲ್ಲೋ?”

“ನನ್ನ ಸಲುವಾಗಿ ನಿಮ್ಮಿಬ್ಬರ ನಡುವ ಜಗಳ...”

“ನಿನ್ನ ಸಲುವಾಗಿ ಅಲ್ಲ ಅದು. ಭಾಳ ಹಳೇದು. ಇವತ್ತು ಕೈಗೆ ಸಿಕ್ತು ಅಷ್ಟೇ.”

ಅಂಬಮ್ಮ ತಂಗಿಯ ಮುಖವನ್ನೇ ನೋಡಿದಳು. ಕೆನ್ನೆಗೆ ಗ್ರೀಸ್ ಹತ್ತಿತ್ತು.

“ಹಿಂಗ ನೋಡಿದ್ರ ಅಂಜಿಕಿ ಬರ್ತದಲ್ಲೇ ಮಲ್ಲಿ. ಬರ್ತೀನಿ ತಗೋ. ಆ ವಾಕರ್ ಕೊಡು ಇತ್ತ.”

ಮಲ್ಲಿಕಾ ವಾಕರ್ ತಂದು ಅಕ್ಕನ ಮುಂದಿಟ್ಟು, ಹಗ್ಗದ ಮೇಲಿನ ಸೀರೆಗಳನ್ನು ಮಡಿಸದೆ ಎಳೆದೆಳೆದು ಬ್ಯಾಗಿಗೆ ತುರುಕತೊಡಗಿದಳು.